ಮೆತ್ತಿಯ ಮೇಲಿನ ಟ್ರಂಕು

(ಊರು, ವಯಸ್ಸು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ನಾನು ಆಪ್ತಸಮಾಲೋಚಕಿ; ಇದು ನನ್ನ ಬಳಿ ಬಂದ ಒಬ್ಬ ಹೆಂಗಸಿನ ಕಥೆ, ಬರೆಯಲು ಆಕೆಯ ಒಪ್ಪಿಗೆ ಇದೆ.)

"ಮೇಡಂ, ಇವಳ ತಲೆಯಿಂದ ಆ ವಿಷಯ ತೆಗೆದುಬಿಡಿ, ಸಾಕು" ಎಂದರು ಗಂಡ. ಪಕ್ಕದಲ್ಲಿದ್ದ ಆಕೆ ಸೆರಗಿನ ಅಂಚು ಸುತ್ತುತ್ತಾ ಸುಮ್ಮನೆ ಕೂತಿದ್ದರು. ವಯಸ್ಸು ಮೂವತ್ತೈದರ ಆಸುಪಾಸು. ತವರು ಶಿರಸಿ ಕಡೆಯ ಅಡಿಕೆ ತೋಟದ ಮನೆ, ಈಗ ಇರುವುದು ಕುಮಟಾದಲ್ಲಿ. ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ. ಬಾವಿಗೆ ಕೊಡ ಇಳಿಯುವ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ.

ಗಂಡನನ್ನು ಹೊರಗೆ ಕೂರಿಸಿದ ಮೇಲೆ ಮಾತು ಬಂತು. ಆಕೆಗೆ ಒಂಬತ್ತು ವರ್ಷವಿದ್ದಾಗ, ಕೊಳೆರೋಗಕ್ಕೆ ಮದ್ದು ಹೊಡೆಯುವ ಮಳೆಗಾಲದಲ್ಲಿ, ಅಪ್ಪಯ್ಯ ಬಾವಿಗೆ ಬಿದ್ದು ತೀರಿಕೊಂಡರು. ಕಾಲು ಜಾರಿತು ಎಂದರು ಮನೆಯವರು. ಆಮೇಲೆ ಓದಿಸಿದ್ದು, ಮದುವೆ ಮಾಡಿದ್ದು ಎಲ್ಲಾ ದೊಡ್ಡಪ್ಪ. ಈಚೆಗೆ ಅಜ್ಜಿ ತೀರಿಕೊಂಡಾಗ ಮೆತ್ತಿಯ (ಅಟ್ಟದ) ಮೇಲಿನ ಟ್ರಂಕು ತೆಗೆದರು. ಹಳೆ ಪಂಚೆಗಳ ಅಡಿಯಲ್ಲಿ ಒಂದು ಛಾಪಾ ಕಾಗದ. ಹಿಸ್ಸೆಯ, ಅಂದರೆ ಆಸ್ತಿ ಪಾಲಿನ, ಕರಾರು. ಅಪ್ಪಯ್ಯನ ಸಹಿ ಇತ್ತು. ದೊಡ್ಡಪ್ಪನ ಹೆಸರಿನ ಎದುರು ಜಾಗ ಖಾಲಿ. ತಾರೀಖು ಸಾವಿಗೆ ನಾಲ್ಕು ದಿನ ಮೊದಲಿನದು. ಆಕೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು.

ಫೋನಿನಲ್ಲಿ ಆಯಿಯನ್ನು (ಅಮ್ಮನನ್ನು) ಕೇಳಿದರು. "ಆ ಸುದ್ದಿ ತೆಗ್ಯಡ ಕೂಸೇ" (ಆ ಮಾತು ಎತ್ತಬೇಡ ಮಗಳೇ) ಎಂದು ಆಯಿ ಫೋನಿಟ್ಟರು. ಮುಂದಿನ ಸಲ ಹೋದಾಗ ಟ್ರಂಕೇ ಇರಲಿಲ್ಲ. ವಾರದೊಳಗೆ ದೊಡ್ಡಪ್ಪ ಕುಮಟಾಕ್ಕೆ ಬಂದು, ಚಾ ಕುಡಿಯುತ್ತಾ ಅಳಿಯನಿಗೆ ಹೇಳಿದರಂತೆ: "ಇವಳ ತಲೆ ಸರಿ ಇಲ್ಲ, ಯಾರಿಗಾದರೂ ತೋರಿಸು."

ಪ್ರಶ್ನೆ ಕೇಳಿದ ಹೆಂಗಸಿನ ಬಾಯಿ ಮುಚ್ಚಿಸಲು ನಮ್ಮಂಥವರ ಹತ್ತಿರ ಕರೆತರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹಾಗೆಂದು ಪರೀಕ್ಷೆ ಮಾಡದೆ ಬಿಡುವಂತಿಲ್ಲ. "ದೊಡ್ಡಪ್ಪನೇ ಮಾಡಿದ್ದಾ?" ಎಂದು ಕೇಳಿದೆ. "ಇರಬಹುದು. ಅಪ್ಪಯ್ಯ ತಾನೇ ಹಾರಿರಲೂಬಹುದು. ನಿಜವಾಗಿಯೂ ಜಾರಿರಬಹುದು" ಎಂದರು. ಮೂರನ್ನೂ ಎದುರಿಗಿಟ್ಟು ಯೋಚಿಸುತ್ತಿದ್ದಾರೆ ಅಲ್ವಾ? ಭ್ರಮೆಯಲ್ಲಿ ಇರುವವರಿಗೆ ಸಾಮಾನ್ಯವಾಗಿ ಅಷ್ಟು ಜಾಗ ಇರುವುದಿಲ್ಲ. ಆಕೆಗೆ ಇದ್ದದ್ದು ಭಯ, ಬಾಕಿ ಉಳಿದ ದುಃಖ, ಜೊತೆಗೆ ಸಾಕಿದವರನ್ನೇ ಶಂಕಿಸುವ ಪಾಪಪ್ರಜ್ಞೆ. ನಿದ್ದೆಗಾಗಿ ಮಾತ್ರ ಮನೋವೈದ್ಯರ ಬಳಿ ಕಳಿಸಿದೆ.

ಏನಂದಳು ಎಂದು ಗಂಡ ಕೇಳಿದರು. ಆಕೆ ಒಪ್ಪದೆ ಹೇಳುವಂತಿಲ್ಲ ಎಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ ಗೋಪ್ಯತೆ ಒಂದು ಹಕ್ಕು.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಪುಟ ಮಾಡಿಸಿದೆ: ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿದ್ದು, ತಾನು ಊಹಿಸಿದ್ದು. ರಾತ್ರಿ ಜಗಲಿಯಲ್ಲಿ ಜಗಳ ಕೇಳಿದ್ದು ಮೊದಲ ಪುಟಕ್ಕೆ ಹೋಯಿತು. ದೊಡ್ಡಪ್ಪನ ಪಂಚೆ ಒದ್ದೆಯಾಗಿತ್ತು ಎಂಬುದನ್ನು ಬರೆಯುವಾಗ ಪೆನ್ನು ನಿಂತಿತು. ಬಹಳ ಹೊತ್ತಿನ ಮೇಲೆ ಅದು ಮೂರನೇ ಪುಟಕ್ಕೆ ಹೋಯಿತು. ನೆನಪು ಹೀಗೇ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಡಿಕ್ಕಿಯ ಫಿಲ್ಮು ತೋರಿಸಿ ಪ್ರಶ್ನೆ ಕೇಳಿದ್ದರು. ಪ್ರಶ್ನೆಯಲ್ಲಿ "ಅಪ್ಪಳಿಸಿದವು" ಎಂಬ ಜೋರಿನ ಪದ ಕೇಳಿದವರು, ಸಪ್ಪೆ ಪದ ಕೇಳಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ, ವಾರದ ನಂತರ, ಅಲ್ಲಿ ಇರದ ಒಡೆದ ಗಾಜನ್ನೂ ಕಂಡೆವು ಎಂದರು. ಅದಕ್ಕೇ ಆಯಿಯನ್ನು "ಅವರೇ ತಳ್ಳಿದ್ದಾ?" ಎಂದು ಕೇಳಬೇಡಿ, "ಆ ದಿನ ಏನಾಯ್ತು?" ಎಂದಷ್ಟೇ ಕೇಳಿ, ದೊಡ್ಡಪ್ಪನ ಮನೆಯಲ್ಲಂತೂ ಕೇಳಲೇಬೇಡಿ ಎಂದೆ. ಆಯಿ ದಿನಾ ಉಣ್ಣುವುದು ಅದೇ ಮನೆಯಲ್ಲಿ. ದೊಡ್ಡಪ್ಪನ ಜೊತೆ ಒಬ್ಬರೇ ಕೂತು ಮಾತಾಡುವುದೂ ಬೇಡ. ಬೆದರಿಕೆ ಬಂದರೆ 112 (ತುರ್ತು ಸಹಾಯ) ಅಥವಾ 181 (ಮಹಿಳಾ ಸಹಾಯವಾಣಿ). ರಾತ್ರಿ ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416.

ಇನ್ನು ಕಾಗದಪತ್ರ. ಅಸಹಜ ಸಾವಾದರೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸಿ ಪಂಚನಾಮೆ ಮಾಡಬೇಕು. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 194. ಆ ಕಡತ ಇದೆಯಾ ಎಂದು ಅರ್ಜಿ ಹಾಕಿ ಕೇಳಬಹುದು. ಕೊಲೆಯ ದೂರಿಗೆ ಕಾಲಮಿತಿ ಇಲ್ಲ, ಹಾಗಾಗಿ ಗಡಿಬಿಡಿ ಬೇಡ. ತೋಟದ ಪಾಲಿನ ಪ್ರಶ್ನೆಯೇ ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಹೆಣ್ಣುಮಕ್ಕಳ ಸಮಪಾಲಿನ ತಿದ್ದುಪಡಿ ಬರುವ ಮೊದಲೇ ಅಪ್ಪ ತೀರಿದ್ದರೂ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆಕೆಯ ಮನೆಗೆ ಇದು ಹೇಗೆ ಅನ್ವಯ ಎಂಬುದನ್ನು ವಕೀಲರೇ ಪಹಣಿ ನೋಡಿ ಹೇಳಬೇಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರು ಉಚಿತವಾಗಿ ಸಿಗುತ್ತಾರೆ.

ಹಲ್ಲು ತೋರಿಸುವ ನೆಪದಲ್ಲಿ ಆಯಿ ಕುಮಟಾಕ್ಕೆ ಬಂದರು. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ, ದೋಸೆ ಹೊಯ್ಯುತ್ತಾ, ಪೊಲೀಸರು ಬಂದಿದ್ದರು, ನನ್ನನ್ನು ಯಾರೂ ಕೇಳಲಿಲ್ಲ ಎಂದರು. ಅಷ್ಟೇ. ಅದು ಎರಡನೇ ಪುಟದಲ್ಲಿದೆ. ಯುಡಿಆರ್ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಆಯಿ ಮಗಳ ಮನೆಯಲ್ಲೇ ಉಳಿದಿದ್ದಾರೆ. ಮಗಳಿಗೆ ಈಗ ರಾತ್ರಿ ಐದಾರು ತಾಸು ನಿದ್ದೆ ಬರುತ್ತಿದೆ. ದೊಡ್ಡಪ್ಪನ ಫೋನು ಬಂದರೆ ಸ್ಪೀಕರ್ ಹಾಕಿ, ಗಂಡನ ಎದುರೇ ಮಾತಾಡುತ್ತಾರೆ.