ಮನೆಯಲ್ಲಿ ಇಷ್ಟವಾದ ಹಾಡು ಜಾತ್ರೆಯಲ್ಲಿ ಯಾಕೆ ಬೇಡ?

ಪ್ರಶ್ನೆ: ಆಟಿಸಂ ಇರುವ ನನ್ನ ಆರು ವರ್ಷದ ಮಗ ಮೊಬೈಲಿನಲ್ಲಿ ಹಾಡು ಕೇಳಿ ಕುಣಿಯುತ್ತಾನೆ. ಅದೇ ಹಾಡು ದುಗ್ಗಮ್ಮನ ಜಾತ್ರೆಯ ಮೈಕಿನಲ್ಲಿ ಬಂದರೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ. ಇದು ಹಠವೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಖಂಡಿತ ಹಠವಲ್ಲ ತಾಯಿ, ದಯವಿಟ್ಟು ಗದರಬೇಡಿ. ಹಾಡು ಒಂದೇ ಆದರೂ ಸದ್ದು ಒಂದೇ ಅಲ್ಲ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಸ್, ಅಂದರೆ ಢಂ ಢಂ ಎನ್ನುವ ತಗ್ಗಿನ ಸದ್ದು, ಹೆಚ್ಚುಕಡಿಮೆ ಬರುವುದೇ ಇಲ್ಲ. ಜಾತ್ರೆಯ ದೊಡ್ಡ ಸ್ಪೀಕರಿನ ಬೇಸ್ ಎದೆಗೇ ಗುದ್ದುತ್ತದೆ. ಜೊತೆಗೆ ಅದು ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಮಗುವಿನ ಕೈಯಲ್ಲಿಲ್ಲ.

ಮೊದಲು ದೂರ ಹೆಚ್ಚಿಸಿ. ಬಯಲಿನಲ್ಲಿ ಒಂದು ಸ್ಪೀಕರಿನಿಂದ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ) ಇಳಿಯುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳ ಅಳತೆಯ ಇಯರ್‌ಮಫ್ ಹಾಕಿ. ಕೂದಲು, ಟೋಪಿಯ ಅಂಚು ಸಿಕ್ಕಿಕೊಂಡರೆ ಸಂದಿಯಿಂದ ಸದ್ದು ನುಗ್ಗುತ್ತದೆ. ಬೇಸನ್ನು ಮಾತ್ರ ಮಫ್ ಅಷ್ಟಾಗಿ ತಡೆಯದು, ಹಾಗಾಗಿ ದೂರ ಬೇಕೇ ಬೇಕು. ಹೊಸ ಮಫ್ ಅನ್ನು ಜಾತ್ರೆಯ ದಿನವೇ ತೊಡಿಸಬೇಡಿ. ವಾರ ಮೊದಲೇ ಮನೆಯಲ್ಲಿ ಐದೈದು ನಿಮಿಷ ರೂಢಿ ಮಾಡಿಸಿ. ಹಾಗಂತ ದಿನವಿಡೀ ಹಾಕಿಟ್ಟರೆ ಸಾಮಾನ್ಯ ಸದ್ದೂ ಸಹಿಸಲಾಗದಂತಾಗಬಹುದು.

ಮನೆಯಲ್ಲಿ ವಾಲ್ಯೂಮ್ ಬಟನ್ ಅವನ ಕೈಗೇ ಕೊಡಿ. ತೀರಾ ಸಣ್ಣ ಸದ್ದಿನಿಂದ ಶುರುಮಾಡಿ, ಅವನೇ ಏರಿಸಲಿ. ಅಭ್ಯಾಸವಾಗಲಿ ಎಂದು ಒತ್ತಾಯದಿಂದ ಜೋರಾಗಿ ಕೇಳಿಸಿದರೆ ಭಯ ಹೆಚ್ಚುತ್ತದೆ.

ಒಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಕಿವಿಯ ಸೋಂಕೂ ಕಾರಣವಿರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಪರೀಕ್ಷೆ ಮಾಡುತ್ತಾರೆ.