ಎನ್‌ಎಲ್‌ಆರ್ 11 ಬಂದಿದೆ, ಅಮ್ಮನಿಗೆ ಏನಾದರೂ ಆಗುತ್ತಾ?

ನಿಮ್ಮ ತಾಯಿಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ದಮ್ಮು ಜಾಸ್ತಿಯಾಗಿ ಅಡ್ಮಿಟ್ ಆಗಿದ್ದಾರೆ. ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳ ಬಗೆಗಳು ನೂರಕ್ಕೆ ಇಷ್ಟು ಅಂತ ಇವೆ: ನ್ಯೂಟ್ರೋಫಿಲ್ 88, ಲಿಂಫೋಸೈಟ್ 8, ಇಯೊಸಿನೊಫಿಲ್ 0. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ಎನ್‌ಎಲ್‌ಆರ್ 11 ಅಂತ ತೆಗೆದು, ಅಷ್ಟು ಬಂದವರು ಉಳಿಯುವುದು ಕಷ್ಟವಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ಶಿಡ್ಲಘಟ್ಟದಲ್ಲಿ ಹದಿನಾಲ್ಕು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಮೊದಲು ನೀವೇ ನನಗೊಂದು ಹೇಳಿ: ರಕ್ತ ತೆಗೆಯುವ ಮುಂಚೆ ಅಮ್ಮನಿಗೆ ಸ್ಟೆರಾಯ್ಡ್ ಕೊಟ್ಟಿದ್ದರಾ?

ಕೇಳುವುದಕ್ಕೆ ಕಾರಣ ನಮ್ಮ ದೊಡ್ಡಮ್ಮ. ಬೀಡಿ ಮುಟ್ಟಿದವರಲ್ಲ. ಮೂವತ್ತು ವರ್ಷ ರೇಷ್ಮೆಗೂಡು ಬೇಯಿಸುವ ಒಲೆ ಪಕ್ಕ ಕೂತು ನೂಲು ತೆಗೆದರು, ಮನೆಗೆ ಬಂದರೆ ಮತ್ತೆ ಸೌದೆ ಒಲೆ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ ಮಾತಾಡಲೂ ಉಸಿರು ಸಾಲಲಿಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲಿ ಉಸಿರು ಸಲೀಸಾಗಿಸುವ ಡೆರಿಫಿಲಿನ್ ಜೊತೆ ಡೆಕ್ಸಾ ಅನ್ನುವ ಸ್ಟೆರಾಯ್ಡ್ ಚುಚ್ಚಿ ಕಳಿಸಿದರು. ಬೆಳಿಗ್ಗೆ ನೇರಳೆ ಮುಚ್ಚಳದ ಟ್ಯೂಬಿಗೆ ನಾನೇ ರಕ್ತ ತೆಗೆದೆ. ಮಿಷನ್ನು ನ್ಯೂಟ್ರೋಫಿಲ್ 90, ಲಿಂಫೋಸೈಟ್ 6 ಅಂತ ತೋರಿಸಿತು. ನಂಬಿಕೆ ಬರದೆ ಸ್ಲೈಡ್ ಮಾಡಿ ನೋಡಿದೆ. ನೂರು ಬಿಳಿ ಕಣ ಎಣಿಸಿದೆ. ಕಿತ್ತಳೆ ಬಣ್ಣದ ಕಾಳು ತುಂಬಿಕೊಂಡಿರುವ ಇಯೊಸಿನೊಫಿಲ್ ಒಂದೂ ಸಿಗಲಿಲ್ಲ. ಕೈ ತಣ್ಣಗಾಯಿತು. ಆಮೇಲೆ ಡೆಕ್ಸಾ ನೆನಪಾಯಿತು.

ಸ್ಟೆರಾಯ್ಡ್ ಬಿದ್ದ ಕೆಲವೇ ಗಂಟೆಯಲ್ಲಿ, ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಬಿಟ್ಟುಕೊಂಡು ರಕ್ತಕ್ಕೆ ಬರುತ್ತವೆ. ಲಿಂಫೋಸೈಟ್, ಇಯೊಸಿನೊಫಿಲ್ ಇಳಿಯುತ್ತವೆ. ಎನ್‌ಎಲ್‌ಆರ್ ತಾನಾಗಿಯೇ ಏರುತ್ತದೆ. ಅಂಥ ರಕ್ತದ ಲೆಕ್ಕ ಹಿಡಿದು ಭವಿಷ್ಯ ಹೇಳಲು ಹೋಗಬಾರದು.

ಸ್ಟೆರಾಯ್ಡ್ ಕೊಟ್ಟಿರಲಿಲ್ಲ ಅಂದರೆ ಆ 11ಕ್ಕೆ ಅರ್ಥವಿದೆ. ಎನ್‌ಎಲ್‌ಆರ್ ಜಾಸ್ತಿ ಇದ್ದವರಲ್ಲಿ ಸಾವು ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಆದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೆಚ್ಚು ಗಮನ ಕೊಡಬೇಕಾದ ರೋಗಿ ಅಂತ ಹೇಳುತ್ತದೆ, ಅಷ್ಟೇ.

ಡಾಕ್ಟರುಗಳು ಒಂದೇ ಅಂಕಿ ನೋಡುವುದಿಲ್ಲ. ಸಿಒಪಿಡಿ ಜೋರಾಗಿ ಅಡ್ಮಿಟ್ ಆದವರಿಗೆ ಸಾವಿನ ಅಪಾಯ ಎಷ್ಟು ಅಂತ ಅಳೆಯುವ ಡಿಕ್ಯಾಫ್ ಅಂತ ಒಂದು ಸ್ಕೋರ್ ಇದೆ. ಇಂಗ್ಲೆಂಡಿನಲ್ಲಿ 920 ರೋಗಿಗಳನ್ನು ನೋಡಿ 2012ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ರಕ್ತದಿಂದ ತೆಗೆದುಕೊಳ್ಳುವುದು ಎರಡೇ: ಇಯೊಸಿನೊಫಿಲ್ ಮೈಕ್ರೋಲೀಟರಿಗೆ 50ಕ್ಕಿಂತ ಕಡಿಮೆ ಇದೆಯಾ, ರಕ್ತ ಎಷ್ಟು ಆಮ್ಲವಾಗಿದೆ ಅಂತ ತೋರಿಸುವ ಪಿಎಚ್ 7.30ಕ್ಕಿಂತ ಕೆಳಗಿದೆಯಾ. ಉಳಿದದ್ದು ಎಕ್ಸ್‌ರೇಯಲ್ಲಿ ನ್ಯುಮೋನಿಯಾ, ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಶನ್ (ಲಯ ತಪ್ಪಿದ ಎದೆಬಡಿತ), ಮತ್ತೆ ಕಾಯಿಲೆ ಜೋರಾಗುವ ಮುಂಚೆ ರೋಗಿಯ ಉಸಿರು ಹೇಗಿತ್ತು ಅನ್ನುವುದು. ಏದುಸಿರಿಗೆ ಇನ್ನೊಬ್ಬರ ನೆರವಿಲ್ಲದೆ ಮನೆಯಿಂದ ಹೊರಗೆ ಬರಲಾಗದವರಿಗೆ ಒಂದು ಅಂಕ. ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರು ಬೇಕಿದ್ದವರಿಗೆ ಎರಡು. ಒಟ್ಟು ಆರರಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಜಾಸ್ತಿ, ಸೊನ್ನೆ ಅಥವಾ ಒಂದಾದರೆ ಕಡಿಮೆ. ಹಾಗಾಗಿ ಕಳೆದ ತಿಂಗಳು ಅಮ್ಮ ಏನೇನು ಕೆಲಸ ತಾವೇ ಮಾಡಿಕೊಳ್ಳುತ್ತಿದ್ದರು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಆ ಉತ್ತರ ನಮ್ಮ ಲ್ಯಾಬಿನಲ್ಲಿ ಸಿಗುವುದಿಲ್ಲ.

ಪಿಎಚ್ ಬೇಕೆಂದರೆ ಮಣಿಕಟ್ಟಿನ ಧಮನಿಯಿಂದ ರಕ್ತ ತೆಗೆಯಬೇಕು. ನೋವಾಗುತ್ತದೆ. ನೆಂಟರು ಬೇಡ ಅಂತ ಜಗಳಕ್ಕೆ ಬರುತ್ತಾರೆ. ದಯವಿಟ್ಟು ಬೇಡ ಅನ್ನಬೇಡಿ, ಮುಖಕ್ಕೆ ಮಾಸ್ಕ್ ಕಟ್ಟಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಿಷನ್ನು ಬೇಕೋ ಬೇಡವೋ ಅನ್ನುವುದು ಮುಖ್ಯವಾಗಿ ಅದರ ಮೇಲೆಯೇ ನಿರ್ಧಾರವಾಗುತ್ತದೆ. ಇನ್ನೊಂದು, ಬೆರಳಿನ ಮಿಷನ್ನಿನಲ್ಲಿ ಆಕ್ಸಿಜನ್ 90 ತೋರಿಸುತ್ತಿದೆ ಅಂತ ನೀವೇ ಗುಂಡಿ ತಿರುಗಿಸಿ 99 ಮಾಡಬೇಡಿ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ 88ರಿಂದ 92 ಸಾಕು. ಜಾಸ್ತಿ ಕೊಟ್ಟರೆ ಕಾರ್ಬನ್ ಡೈ ಆಕ್ಸೈಡ್ ಏರಿ ಪಿಎಚ್ ಇಳಿಯಬಹುದು.

ಸಿಆರ್‌ಪಿಯನ್ನೂ ಕೇಳಿದ್ದಿರಿ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಆ ಪರೀಕ್ಷೆ ಹೆಚ್ಚಾಗಿ ಆಂಟಿಬಯೋಟಿಕ್ ಬೇಕಾ ಅಂತ ತೀರ್ಮಾನಿಸಲು ನೆರವಾಗುತ್ತದೆ. ಅದೊಂದರಿಂದಲೇ ಹಣೆಬರಹ ಓದಲಾಗುವುದಿಲ್ಲ.

ಅಮ್ಮ ಮನೆಗೆ ಬಂದು, ಸ್ಟೆರಾಯ್ಡ್ ನಿಲ್ಲಿಸಿ ಕೆಲವು ವಾರ ಆದಮೇಲೆ ಇನ್ನೊಂದು ಸಿಬಿಸಿ (ರಕ್ತಕಣ ಎಣಿಸುವ ಇದೇ ಪರೀಕ್ಷೆ) ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಆಗಿನ ಇಯೊಸಿನೊಫಿಲ್ ಮೈಕ್ರೋಲೀಟರಿಗೆ 300 ದಾಟಿದ್ದರೆ ಇನ್‌ಹೇಲರಿನಲ್ಲಿ ಸ್ಟೆರಾಯ್ಡ್ ಸೇರಿಸಿದರೆ ಉಪಯೋಗವಾಗುವ ಸಾಧ್ಯತೆ ಜಾಸ್ತಿ, 100ರ ಕೆಳಗಿದ್ದರೆ ಕಡಿಮೆ. ಅವತ್ತು ಒಂದೂ ಇಯೊಸಿನೊಫಿಲ್ ಸಿಗದ ದೊಡ್ಡಮ್ಮನ ರಕ್ತದಲ್ಲಿ ಎರಡು ತಿಂಗಳಾದಮೇಲೆ 410 ಬಂತು.