ಅಳಿಸುವ ಮೊದಲು ಆವರಣ ನೋಡಿ

ಪ್ರಶ್ನೆ: ಸರ್, ದಾವಣಗೆರೆ ಎಪಿಎಂಸಿಯ ದಲ್ಲಾಳಿ ಮಂಡಿಯೊಂದರ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಹಳೆಯ ಜಾವಾ ಕೋಡ್. ತಪಾಸಣೆಯ ಟೂಲ್ ಓಡಿಸಿದರೆ ಹತ್ತಾರು ಕಡೆ 'ಅನಗತ್ಯ ಕಾಸ್ಟ್' ಎಂಬ ಎಚ್ಚರಿಕೆ. ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡಲೇ?
— ಓದುಗಿ, ದಾವಣಗೆರೆ

ಉತ್ತರ: ಒಟ್ಟಿಗೆ ಬೇಡಮ್ಮ. ಕಾಸ್ಟ್ ಎಂದರೆ ಒಂದು ಮೌಲ್ಯವನ್ನು ಇಂಥ ಬಗೆಯದೆಂದು ತೆಗೆದುಕೋ ಎಂದು ಆವರಣದಲ್ಲಿ ಬರೆದು ಹೇಳುವುದು. ಲಿಸ್ಟ್‌ನಿಂದ ಹೆಸರು ತೆಗೆಯುವಾಗ ಹಾಕಿದ ಸ್ಟ್ರಿಂಗ್ (ಅಕ್ಷರಗಳ ಸಾಲು) ಕಾಸ್ಟ್‌ಗಳಿದ್ದರೆ ಮೊದಲು ಅವನ್ನು ಅಳಿಸಿ. 2004ರಲ್ಲಿ ಜಾವಾ 5 ಬರುವ ತನಕ ಲಿಸ್ಟ್‌ನೊಳಗೆ ಏನಿದೆಯೆಂದು ಕೋಡನ್ನು ಅನುವಾದಿಸುವ ಕಂಪೈಲರ್‌ಗೆ ಗೊತ್ತಾಗುತ್ತಿರಲಿಲ್ಲ, ತೆಗೆದಾಗಲೆಲ್ಲ ನಾವೇ ಹೇಳಬೇಕಿತ್ತು. ಅದರಲ್ಲಿ ಜೆನೆರಿಕ್ಸ್ ಎಂಬ ಸೌಲಭ್ಯ ಬಂದ ಮೇಲೆ ಲಿಸ್ಟ್ ಘೋಷಿಸುವಾಗಲೇ ಅದನ್ನು ಹೇಳಿರುತ್ತೇವೆ. ಹಾಗೆ ಹೇಳಿದ್ದರೆ ಕಾಸ್ಟ್ ತೆಗೆದರೂ ಪ್ರೋಗ್ರಾಂ ನಡೆಯುವುದರಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಲೆಕ್ಕದ ಸಾಲು ಬಂದಾಗ ಮಾತ್ರ ಕೈ ತಡೆಯಿರಿ. ನಾನೂ ಒಂದು ಮಂಡಿಗೆ ಪ್ರೋಗ್ರಾಂ ಬರೆದವನು. ದರವನ್ನು ಪೈಸೆಯಲ್ಲಿ ಇಡುತ್ತಿದ್ದೆ: ಮೆಕ್ಕೆಜೋಳ ಕ್ವಿಂಟಲ್‌ಗೆ 2,200 ರೂಪಾಯಿ ಅಂದರೆ 2,20,000 ಪೈಸೆ. ಸಾಲು ಹೀಗಿತ್ತು:

ಲಾಂಗ್ ಮೊತ್ತ = (ಲಾಂಗ್) (ದರ * ತೂಕ);

ದರ, ತೂಕ ಎರಡೂ ಇಂಟ್, ಅಂದರೆ ಪೂರ್ಣಾಂಕ; ಲಾಂಗ್ ಎಂದರೆ ಅದಕ್ಕಿಂತ ದೊಡ್ಡ ಪೂರ್ಣಾಂಕ ಹಿಡಿಯುವ ಬಗೆ. ನನ್ನ ಟೂಲ್ ಈ ಕಾಸ್ಟ್ ಅನಗತ್ಯ ಎಂದಿತು. ನಿಜವೇ, ಇಂಟ್ ತಾನಾಗಿಯೇ ಲಾಂಗ್ ಆಗುತ್ತದೆ. ಅಳಿಸಿದೆ, ಎಚ್ಚರಿಕೆಯೂ ಹೋಯಿತು. ಆಮೇಲೆ ಒಂದೇ ದರಕ್ಕೆ 10,000 ಕ್ವಿಂಟಲ್ ಖರೀದಿ ಬಂದ ದಿನ 2.2 ಕೋಟಿ ರೂಪಾಯಿ ಇರಬೇಕಾದ ಜಾಗದಲ್ಲಿ ಮೈನಸ್ 2,09,49,672 ರೂಪಾಯಿ 96 ಪೈಸೆ! ಗುಮಾಸ್ತರು ರಾತ್ರಿಯೆಲ್ಲ ಕೂತು ಕೈಲೆಕ್ಕ ಹಾಕಿದರು. ಅವರ ಕೆಂಪಗಾದ ಕಣ್ಣು ನನಗಿನ್ನೂ ಮರೆತಿಲ್ಲ.

ಇಂಟ್‌ನಲ್ಲಿ ಹಿಡಿಯುವುದು 2,14,74,83,647ರವರೆಗೆ. ನಮ್ಮ ಮೊತ್ತ 220 ಕೋಟಿ ಪೈಸೆ. ಆವರಣದೊಳಗಿನ ಗುಣಾಕಾರ ಇಂಟ್‌ನಲ್ಲೇ ನಡೆದು, ಅಂಕಿ ಕೆಟ್ಟ ಮೇಲೆ ಕಾಸ್ಟ್ ಕೆಲಸಕ್ಕೆ ಬರುತ್ತಿತ್ತು. ಟೂಲ್ ಸುಳ್ಳು ಹೇಳಿರಲಿಲ್ಲ. ಆ ಕಾಸ್ಟ್ ಅಲ್ಲಿ ನಿಜಕ್ಕೂ ದಂಡವಾಗಿತ್ತು, ಅದರ ಜಾಗ ಬೇರೆ ಇತ್ತು:

ಲಾಂಗ್ ಮೊತ್ತ = (ಲಾಂಗ್) ದರ * ತೂಕ;

ಈಗ ದರ ಮೊದಲೇ ಲಾಂಗ್ ಆಗುತ್ತದೆ, ಗುಣಾಕಾರವೂ ಲಾಂಗ್‌ನಲ್ಲೇ ಆಗುತ್ತದೆ. ಭಾಗಾಕಾರದಲ್ಲೂ ಇದೇ ಕಥೆ. ಡಬಲ್ ಎಂದರೆ ದಶಮಾಂಶ ಹಿಡಿಯುವ ಬಗೆ. (ಡಬಲ್) (7 / 2) ಎಂದರೆ 3.0, (ಡಬಲ್) 7 / 2 ಎಂದರೆ 3.5. ಸರಾಸರಿ ದರ ತೆಗೆಯುವ ಸಾಲುಗಳನ್ನು ಇದಕ್ಕಾಗಿಯೇ ಒಮ್ಮೆ ಹುಡುಕಿ ನೋಡಿ.

ಅಂಥ ಸಾಲು ಸಿಕ್ಕಾಗ ಕಾಸ್ಟ್ ಮುಟ್ಟುವ ಮುಂಚೆ ಒಂದು ಟೆಸ್ಟ್ ಬರೆಯಿರಿ: ದರ 2,20,000, ತೂಕ 10,000, ಉತ್ತರ 2,20,00,00,000. ಈಗಿನ ಕೋಡ್ ಅದರಲ್ಲಿ ಪಾಸಾಗದಿದ್ದರೆ ಮಂಡಿಯ ಯಜಮಾನರಿಗೆ ಅವತ್ತೇ ತಿಳಿಸಿ, ಹಳೆಯ ದೊಡ್ಡ ಖರೀದಿಗಳ ಪಟ್ಟಿಗಳನ್ನೂ ತೆಗೆಸಿ ನೋಡಬೇಕಾಗುತ್ತದೆ.